ಆರ್ಗ್ ಮೋಡ್‌ನಲ್ಲಿ ಬುಕ್‌ಮಾರ್ಕ್: ಆರು ವರ್ಷ ಬಳಸಿದ ಮೇಲೆ

ನನ್ನ ಕೆಲಸ ಅನುವಾದ. ಆರು ವರ್ಷದಿಂದ ಎಲ್ಲ ಕರಡೂ ಈಮ್ಯಾಕ್ಸ್ ಎಂಬ ಪಠ್ಯ ಬರೆಯುವ ತಂತ್ರಾಂಶದ ಆರ್ಗ್ ಮೋಡ್‌ನಲ್ಲೇ ಆಗುತ್ತಿದೆ. ಅದು ಬರಹವನ್ನು ತಲೆಬರಹ, ಉಪತಲೆಬರಹಗಳ ಔಟ್‌ಲೈನ್ ಆಗಿ ಜೋಡಿಸುವ ಸಾಧನ. ಒಂದು ಪುಸ್ತಕಕ್ಕೆ ಒಂದೇ ಫೈಲು, ಅಧ್ಯಾಯಕ್ಕೊಂದು ತಲೆಬರಹ, ಅದರೊಳಗೆ ‘ಕರಡು’, ‘ಸಂಶಯಗಳು’, ‘ಪದಪಟ್ಟಿ’ ಅಂತ ಮೂರು ಉಪತಲೆಬರಹ. ಟ್ಯಾಬ್ ಒತ್ತಿದರೆ ಮಡಚಿಕೊಳ್ಳುತ್ತದೆ, ಮತ್ತೆ ಒತ್ತಿದರೆ ಬಿಚ್ಚಿಕೊಳ್ಳುತ್ತದೆ. 2003ರಲ್ಲಿ ಕಾರ್ಸ್ಟನ್ ಡೊಮಿನಿಕ್ ಎಂಬ ಖಗೋಳ ವಿಜ್ಞಾನಿ ಶುರು ಮಾಡಿದ ಈ ಸಾಧನವನ್ನು ನಾನು ಬಿಡುವ ಮಾತೇ ಇಲ್ಲ. ಆದರೆ ಇದರ ಜೊತೆ ಬರುವ ಬುಕ್‌ಮಾರ್ಕ್ ವ್ಯವಸ್ಥೆ, ಅಂದರೆ ಒಂದು ಜಾಗಕ್ಕೆ ಗುರುತು ಹಾಕಿಟ್ಟು ಆಮೇಲೆ ಅಲ್ಲಿಗೇ ಹಾರುವ ಸೌಲಭ್ಯ, ಬೇರೆ ವಿಷಯ. ಅದು ಈಮ್ಯಾಕ್ಸ್‌ನದ್ದು, ಸಾದಾ ಫೈಲುಗಳಿಗೆ ಅಂತ ಮಾಡಿದ್ದು. ತಲೆಬರಹ ಅಂದರೆ ಏನು ಅಂತಲೇ ಅದಕ್ಕೆ ಗೊತ್ತಿಲ್ಲ.

ಬಳಸೋದು ಸುಲಭ. ಕಂಟ್ರೋಲ್-ಎಕ್ಸ್, ಆರ್, ಎಂ ಒತ್ತಿದರೆ ಗುರುತು ಬೀಳುತ್ತದೆ. ಕೊನೆಯ ಎಂ ಬದಲು ಬಿ ಒತ್ತಿದರೆ ಅಲ್ಲಿಗೆ ಹೋಗಬಹುದು, ಎಲ್ ಒತ್ತಿದರೆ ಪೂರ್ತಿ ಪಟ್ಟಿ. 2022ರ 28ನೇ ಆವೃತ್ತಿಯಿಂದ ಗುರುತು ಹಾಕಿದ ಸಾಲಿನ ಅಂಚಿನಲ್ಲಿ ಪುಟ್ಟ ಚಿಹ್ನೆಯೂ ಕಾಣುತ್ತದೆ. ಒಂದೊಂದು ಗುರುತಿಗೂ ಟಿಪ್ಪಣಿ ಬರೆದಿಡಬಹುದು. ಅದನ್ನು ತುಂಬಾ ಬಳಸುತ್ತೇನೆ, ಯಾಕೆ ಗುರುತು ಹಾಕಿದ್ದೆ ಅನ್ನೋದು ವಾರ ಕಳೆದರೆ ಮರೆತೇ ಹೋಗುತ್ತದಲ್ವಾ.

ತೊಂದರೆ ಇರೋದು ಅದು ಜಾಗ ನೆನಪಿಟ್ಟುಕೊಳ್ಳುವ ರೀತಿಯಲ್ಲಿ. ಫೈಲಿನ ಮೊದಲಿನಿಂದ ಇಷ್ಟನೇ ಅಕ್ಷರ ಅಂತ ಒಂದು ಸಂಖ್ಯೆ, ಜೊತೆಗೆ ಆ ಜಾಗದ ಹಿಂದಿನ 16 ಮತ್ತು ಮುಂದಿನ 16 ಅಕ್ಷರ. ಪಠ್ಯ ಅತ್ತಿತ್ತ ಸರಿದಿದ್ದರೆ ಆ 16 ಅಕ್ಷರಗಳನ್ನು ಹುಡುಕಿ ಜಾಗ ಸರಿಮಾಡಿಕೊಳ್ಳುತ್ತದೆ. ಇಂಗ್ಲಿಷಿಗೆ ಇದು ಹೆಚ್ಚುಕಡಿಮೆ ಸಾಕು. ಕನ್ನಡಕ್ಕೆ ಸಾಲದು, ಯಾಕೆಂದರೆ ಒತ್ತು, ಗುಣಿತದ ಚಿಹ್ನೆ ಎಲ್ಲವೂ ಅದರ ಲೆಕ್ಕದಲ್ಲಿ ಬೇರೆ ಬೇರೆ. ‘ಸ್ತ್ರೀ’ ನಮಗೆ ಒಂದಕ್ಷರ, ಅದಕ್ಕೆ ಆರು. ನನ್ನ ಫೈಲಿನಲ್ಲಿ ಪ್ರತಿ ಅಧ್ಯಾಯದಲ್ಲೂ, ಉಪತಲೆಬರಹ ಅಂತ ತೋರಿಸಲು ಮುಂದೆ ಎರಡು ನಕ್ಷತ್ರ ಹಾಕಿದ ‘ಸಂಶಯಗಳು’ ಇದೆ, ಕೆಳಗಿನ ಸಾಲು ‘- ಪುಟ’ ಅಂತ ಶುರುವಾಗುತ್ತದೆ. ಎಣಿಸಿ ನೋಡಿದೆ, ‘ಪುಟ’ ಮುಗಿಯುವ ಹೊತ್ತಿಗೆ ಸರಿಯಾಗಿ 16. ಪುಟದ ಸಂಖ್ಯೆ ಬರುವ ಮೊದಲೇ ಅದರ ನೆನಪು ಮುಗಿದಿರುತ್ತದೆ.

ಹಾಗಾಗಿ ಆಗಿದ್ದು ಇಷ್ಟು. ಒಂಬತ್ತನೇ ಅಧ್ಯಾಯದ ‘ಸಂಶಯಗಳು’ಗೆ ಗುರುತು ಹಾಕಿದ್ದೆ. ಆಮೇಲೆ ಬಾಕಿ ಉಳಿದಿದ್ದ ನಾಲ್ಕನೇ ಅಧ್ಯಾಯದ ಕರಡನ್ನು ಪೂರ್ತಿ ತುಂಬಿಸಿದೆ, ಕೆಳಗಿನದೆಲ್ಲ ಒಂದು ಅಧ್ಯಾಯದಷ್ಟು ಕೆಳಕ್ಕೆ ಹೋಯಿತು. ಗುರುತಿಗೆ ಹಾರಿದರೆ ಅದು ಹಳೆಯ ಸಂಖ್ಯೆಗೆ ಹೋಗಿ, ಅಲ್ಲಿಂದ ಮುಂದೆ ಹುಡುಕಿ, ಮೊದಲು ಸಿಕ್ಕ ‘ಸಂಶಯಗಳು’ ಮೇಲೆ ನಿಂತಿತು. ಅದು ಎಂಟನೇ ಅಧ್ಯಾಯದ್ದು. ಮೇಲಿನದೆಲ್ಲ ಮಡಚಿದ್ದರಿಂದ ನನಗೆ ಗೊತ್ತಾಗಲಿಲ್ಲ. ನಾಲ್ಕು ದಿನದ ಟಿಪ್ಪಣಿ ಅಲ್ಲೇ ಸೇರಿಕೊಂಡಿತು, ಬಿಡಿಸುವುದಕ್ಕೆ ಒಂದು ಭಾನುವಾರ ಪೂರ್ತಿ ಹೋಯಿತು.

ಇನ್ನೊಂದು ವಿಷಯ, ಹೊಸಬರು ದಯವಿಟ್ಟು ಗಮನಿಸಿ. ಗುರುತಿಗೆ ಹೆಸರು ಕೇಳಿದಾಗ ಸುಮ್ನೆ ಎಂಟರ್ ಒತ್ತಿದರೆ ಫೈಲಿನ ಹೆಸರೇ ಬೀಳುತ್ತದೆ. ಅದೇ ಫೈಲಿನಲ್ಲಿ ಇನ್ನೊಂದು ಕಡೆ ಹೀಗೇ ಮಾಡಿದರೆ ಹಳೆಯದು ಹೋಗಿ ಹೊಸದು ಕೂರುತ್ತದೆ, ಕೇಳುವುದೂ ಇಲ್ಲ. ದೊಡ್ಡಕ್ಷರದ ಎಂ ಬಳಸಿದರೆ ಹಳೆಯದನ್ನು ಅಳಿಸುವುದಿಲ್ಲ. ಮತ್ತೆ, ಗುರುತುಗಳು ಡಿಸ್ಕಿಗೆ ಬೀಳೋದು ಈಮ್ಯಾಕ್ಸ್ ಮುಚ್ಚುವಾಗ. ನಮ್ಮೂರಿನಲ್ಲಿ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳೋಕಾಗಲ್ಲ. ‘ಬುಕ್‌ಮಾರ್ಕ್-ಸೇವ್-ಫ್ಲ್ಯಾಗ್’ ಎಂಬ ಸೆಟ್ಟಿಂಗನ್ನು 1 ಮಾಡಿಕೊಳ್ಳಿ, ಹಾಕಿದ ತಕ್ಷಣ ಉಳಿಯುತ್ತದೆ.

ಈಗ ನಾನು ಮಾಡೋದೇ ಬೇರೆ. ಮುಖ್ಯವಾದ ತಲೆಬರಹಕ್ಕೆ ಆರ್ಗ್‌ನ ಐಡಿ ಕೊಡುತ್ತೇನೆ. ಅದು ತಲೆಬರಹದ ಕೆಳಗೇ ಬರೆದುಕೊಳ್ಳುವ ಒಂದು ಉದ್ದನೆಯ ಗುರುತಿನ ಸಂಖ್ಯೆ. ಆ ಅಧ್ಯಾಯವನ್ನು ಎಲ್ಲಿಗೆ ಎತ್ತಿಟ್ಟರೂ, ಬೇರೆ ಫೈಲಿಗೆ ಸಾಗಿಸಿದರೂ ಜೊತೆಗೇ ಹೋಗುತ್ತದೆ. ಫೈಲಿನ ಮೇಲ್ಗಡೆ ‘ಗುರುತುಗಳು’ ಅಂತ ಒಂದು ತಲೆಬರಹ ಮಾಡಿ, ಅದರಡಿ ಆ ಐಡಿಗಳ ಲಿಂಕ್ ಇಟ್ಟಿದ್ದೇನೆ. ‘ಈ ವಾರ’, ‘ಸಂಪಾದಕರಿಗೆ ಕೇಳಬೇಕಾದ್ದು’ ಅಂತ ಗುಂಪು ಮಾಡಬಹುದು, ಮಡಚಬಹುದು, ಮೇಲೆ ಕೆಳಗೆ ಸರಿಸಬಹುದು. ಲಿಂಕ್ ಹಿಡಿದು ಹೋಗಿ, ಕಂಟ್ರೋಲ್-ಎಕ್ಸ್, ಎನ್, ಎಸ್ ಒತ್ತಿದರೆ ಆ ತಲೆಬರಹ ಮತ್ತು ಅದರೊಳಗಿನದು ಮಾತ್ರ ತೆರೆಯ ಮೇಲೆ ಉಳಿಯುತ್ತದೆ. ಅದೆಷ್ಟು ಹಿತ ಗೊತ್ತಾ!

ಔಟ್‌ಲೈನ್ ಬರೆಯುವ ಸಾಧನದಲ್ಲಿ ಬುಕ್‌ಮಾರ್ಕ್‌ಗಳ ಪಟ್ಟಿಯೂ ಔಟ್‌ಲೈನ್ ಆಗಿರಬೇಕು, ಗುರುತು ಅಂಟಬೇಕಾದ್ದು ತಲೆಬರಹಕ್ಕೆ. ವರ್ಕ್‌ಫ್ಲೋವಿ ಎಂಬ ಆನ್‌ಲೈನ್ ಔಟ್‌ಲೈನ್ ಸಾಧನದಲ್ಲಿ ಪ್ರತಿ ಸಾಲಿಗೂ ಅದರದ್ದೇ ಲಿಂಕ್ ಮೊದಲಿಂದ ಇದೆ, ಯಾರೂ ಐಡಿ ಹಾಕುತ್ತ ಕೂರಬೇಕಿಲ್ಲ. ಆದರೆ ನನ್ನ ಬರಹ ನನ್ನ ಕಂಪ್ಯೂಟರಿನಲ್ಲೇ ಸಾದಾ ಪಠ್ಯವಾಗಿ ಇರಬೇಕು ಅನ್ನೋದು ನನಗೆ ಜಾಸ್ತಿ ಮುಖ್ಯ, ಅದಕ್ಕೇ ಇಲ್ಲೇ ಇದ್ದೇನೆ.

ಇನ್ನೂ ಬೇಕಾಗಿರೋದು ಒಂದೇ. ಪಟ್ಟಿ ತೆರೆದಾಗ ಹೆಸರಿನ ಜೊತೆ ಫೈಲಿನ ವಿಳಾಸ ತೋರಿಸುವ ಬದಲು, ಅಧ್ಯಾಯದಿಂದ ಹಿಡಿದು ಆ ತಲೆಬರಹದವರೆಗಿನ ದಾರಿ ತೋರಿಸಬೇಕು. ಸದ್ಯಕ್ಕೆ ಆ ದಾರಿಯನ್ನು ಲಿಂಕಿನ ಹೆಸರಲ್ಲಿ ನಾನೇ ಟೈಪ್ ಮಾಡುತ್ತೇನೆ: ‘9 / ಸಂಶಯಗಳು / ಪುಟ 141’.