ಎರಡು ಹೆಡ್‌ಫೋನ್, ಎರಡು ಆಂಪ್, ಒಂದು ಸೀಲಿಂಗ್ ಫ್ಯಾನ್

ರಾಯಚೂರಿನಲ್ಲಿ ಕೂತು ಯಾವ ಹೆಡ್‌ಫೋನ್ ತಗೋಬೇಕು ಅಂತ ಯಾರಾದರೂ ಕೇಳಿದರೆ, ನಿಮ್ಮ ಫ್ಯಾನ್ ಎಷ್ಟು ನಂಬರಿನಲ್ಲಿ ಓಡುತ್ತೆ ಅಂತ ನಾನು ತಿರುಗಿ ಕೇಳುತ್ತೇನೆ. ತಮಾಷೆಗೆ ಅಲ್ಲ. ಎರಡು ತಿಂಗಳ ಬೇಸಿಗೆ ಇದರಲ್ಲೇ ಕಳೆದಿದ್ದೇನೆ.

ನನ್ನ ಹತ್ತಿರ ಮೊದಲಿನಿಂದ ಇದ್ದದ್ದು ಆಡಿಯೋ-ಟೆಕ್ನಿಕಾ ಎಂ50ಎಕ್ಸ್ ಹೆಡ್‌ಫೋನ್, ಜೊತೆಗೆ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದಾದ ಫಿಯೋ ಇ10ಕೆ ಆಂಪ್, ಅಂದರೆ ಹೆಡ್‌ಫೋನಿಗೆ ಹೋಗುವ ಸದ್ದಿಗೆ ಬಲ ಕೊಡುವ ಡಬ್ಬಿ. ಹೈದರಾಬಾದಿನಲ್ಲಿರುವ ಅಕ್ಕನ ಮಗ ಯುಗಾದಿಗೆ ಬಂದಾಗ ತನ್ನ ಸೆನ್‌ಹೈಸರ್ ಎಚ್‌ಡಿ 600 ಮತ್ತು ಟೇಬಲ್ ಮೇಲಿಡುವ ಫಿಯೋ ಕೆ5 ಪ್ರೊ ಆಂಪ್ ಎರಡನ್ನೂ ಬಿಟ್ಟು ಹೋದ. "ಮಾಮಾ, ಒಂದ್ ಸಲ ಇದನ್ನ ಕೇಳಿದ್ರ ನಿಂದನ್ನ ಮುಟ್ಟಂಗಿಲ್ಲ ನೋಡು" ಅಂದ. ಅರ್ಧ ನಿಜ ಹೇಳಿದ.

ಎಂ50ಎಕ್ಸ್ ಮುಚ್ಚಿದ ಬಗೆಯದು. ಕಿವಿಯ ಮೇಲೆ ಡಬ್ಬಿ ಕವುಚಿದ ಹಾಗೆ. ಹೊರಗಿನ ಸದ್ದು ಕಡಿಮೆ, ಒಳಗಿನದು ಹೊರಗೆ ಹೋಗಲ್ಲ. ಎಚ್‌ಡಿ 600 ತೆರೆದ ಬಗೆಯದು. ಹಿಂಬದಿಯಲ್ಲಿ ಬರೀ ಜಾಲರಿ. ಇದು 1997ರಿಂದ ಇರುವ ಮಾದರಿ, ಇವತ್ತಿಗೂ ಜನ ಹುಡುಕಿಕೊಂಡು ಹೋಗುತ್ತಾರೆ. ಯಾಕೆ ಅಂತ ಗೊತ್ತಾಗಲು ನನಗೆ ಹತ್ತು ನಿಮಿಷ ಸಾಕಾಯಿತು.

ನಮ್ಮ ಜಿಲ್ಲೆಯವರೇ ಆದ ಪಂಡಿತ್ ಸಿದ್ಧರಾಮ ಜಂಬಲದಿನ್ನಿಯವರ ಒಂದು ಹಳೆಯ ವಚನ ಗಾಯನ ಹಾಕಿದೆ. ಅವರ ಹೆಸರಿನ ರಂಗಮಂದಿರದ ಮುಂದೆ ದಿನಾ ಓಡಾಡುತ್ತೇನೆ, ಆದರೆ ಅವರ ದನಿ ಇಷ್ಟು ಹತ್ತಿರದಿಂದ ಕೇಳಿದ್ದು ಅವತ್ತೇ. ಎಂ50ಎಕ್ಸ್‌ನಲ್ಲಿ ತಬಲದ ಎಡಗೈ ಪೆಟ್ಟು ದಪ್ಪವಾಗಿ ಮುಂದೆ ಬಂದು ನಿಲ್ಲುತ್ತದೆ. ದನಿ ಅದರ ಹಿಂದೆ. ಎಚ್‌ಡಿ 600ರಲ್ಲಿ ದನಿ ನಟ್ಟನಡುವೆ, ಸಾಲು ಮುಗಿದ ಮೇಲೆ ಎಳೆದುಕೊಂಡ ಉಸಿರು ಕೂಡ ಕೇಳುತ್ತದೆ. ತಂಬೂರಿ ಬರೀ 'ಗುಂಯ್' ಅನ್ನಲ್ಲ, ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಅರಳುತ್ತದೆ. ಇದೇ ಎಚ್‌ಡಿ 600ಗೆ ಈಗಿನ ಸಿನಿಮಾ ಹಾಡು ಹಾಕಿ ನೋಡಿ, ಕೆಳಗಿನ ಬೇಸ್ ಸ್ವಲ್ಪ ಸಪ್ಪೆ. ಅಲ್ಲಿ ನನಗೆ ಎಂ50ಎಕ್ಸೇ ಇಷ್ಟ.

ಈಗ ಫ್ಯಾನಿನ ವಿಷಯ. ಏಪ್ರಿಲ್‌ನಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಫ್ಯಾನ್ ಐದರಲ್ಲಿ, ಕಿಟಕಿಯಲ್ಲಿ ಕೂಲರ್. ಜಾಲರಿಯ ಹೆಡ್‌ಫೋನ್‌ಗೆ ಅದೆಲ್ಲ ನೇರ ಒಳಗೆ. ತಂಬೂರಿಯ ಜೊತೆ ಕೂಲರಿನದೂ ಒಂದು ಶ್ರುತಿ! ಸರಿ ಅಂತ ಮುಚ್ಚಿದ್ದನ್ನು ಹಾಕಿಕೊಂಡರೆ ಅರ್ಧ ಗಂಟೆಗೆ ರೆಕ್ಸಿನ್ ಪ್ಯಾಡ್ ಕೆಳಗೆ ಬೆವರು. ಕನ್ನಡಕದ ಕಡ್ಡಿ ಜಾರುತ್ತದೆ, ಕಿವಿ ಬೆಂದ ಹಾಗೆ ಆಗುತ್ತದೆ. ಎಚ್‌ಡಿ 600ರ ಪ್ಯಾಡ್ ಮಖಮಲ್ಲಿನಂಥ ಬಟ್ಟೆ, ಗಾಳಿ ಆಡುತ್ತದೆ. ಹಾಗಾಗಿ ಹಗಲು ಕೆಲಸದ ನಡುವೆ ಎಂ50ಎಕ್ಸ್, ಅದೂ ಗಂಟೆಗೊಮ್ಮೆ ತೆಗೆದಿಟ್ಟು. ರಾತ್ರಿ ಹತ್ತರ ಮೇಲೆ, ಕೂಲರ್ ಆರಿಸಿದಾಗ, ಎಚ್‌ಡಿ 600.

ಆಂಪ್ ಬೇಕಾ ಬೇಡವಾ ಅನ್ನುವುದಕ್ಕೆ ಸಣ್ಣ ಲೆಕ್ಕ ಇದೆ. ಕರೆಂಟಿಗೆ ಹೆಡ್‌ಫೋನ್ ಒಡ್ಡುವ ತಡೆಯನ್ನು ಓಮ್‌ನಲ್ಲಿ ಅಳೆಯುತ್ತಾರೆ. ಎಂ50ಎಕ್ಸ್ 38 ಓಮ್, ಎಚ್‌ಡಿ 600 ಬರೋಬ್ಬರಿ 300 ಓಮ್. ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತು 1 ವೋಲ್ಟ್ ಕೊಡುತ್ತದೆ ಅಂದುಕೊಳ್ಳಿ. ಮೊದಲನೆಯದಕ್ಕೆ 26 ಮಿಲಿವ್ಯಾಟ್ ಹೋಗುತ್ತದೆ, ಎರಡನೆಯದಕ್ಕೆ ಬರೀ 3.3. ಎಂ50ಎಕ್ಸ್‌ಗೆ ಅಷ್ಟು ಧಾರಾಳವಾಗಿ ಸಾಕು, ಆಂಪ್ ಸುಮ್ನೆ ಖರ್ಚು. ಎಚ್‌ಡಿ 600ಕ್ಕೂ ಹೊಸ ಸಿನಿಮಾ ಹಾಡು ಲ್ಯಾಪ್‌ಟಾಪಿನಿಂದಲೇ ನಡೆಯಿತು, ಅವನ್ನು ಜೋರಾಗಿಯೇ ರೆಕಾರ್ಡ್ ಮಾಡಿರುತ್ತಾರಲ್ಲ. ಹಳೆಯ ಗಾಯನಕ್ಕೆ ವಾಲ್ಯೂಮ್ ನೂರಕ್ಕೆ ಏರಿಸಿದರೂ 'ಇನ್ನೊಂಚೂರು' ಅನ್ನಿಸುತ್ತಿತ್ತು. ಆಂಪ್ ಬೇಕಾದದ್ದು ಅಲ್ಲಿ.

ಯಾವ ಆಂಪ್? ಇ10ಕೆ ಯುಎಸ್‌ಬಿ ವೈರಿನಿಂದಲೇ ಕರೆಂಟ್ ತಗೊಳ್ಳುತ್ತದೆ. ಕೆ5 ಪ್ರೊಗೆ ಬೇರೆ ಅಡಾಪ್ಟರ್ ಬೇಕು, ಶಕ್ತಿ ಬಹಳ ಜಾಸ್ತಿ, ಸದ್ದನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ಗೇನ್ ಸ್ವಿಚ್ಚಿಗೆ ಮೂರು ಹಂತ. ಮೊದಲ ದಿನ ಕೆ5 ಪ್ರೊ ಅದ್ಭುತ ಅನ್ನಿಸಿತು. ಆಮೇಲೆ ನೋಡಿದರೆ ಅದರ ವಾಲ್ಯೂಮ್ ಜಾಸ್ತಿ ಇತ್ತು, ಅಷ್ಟೇ. ಜೋರಾಗಿದ್ದದ್ದೇ ಕಿವಿಗೆ ಚೆಂದ. ಒಂದೇ ಸ್ವರ ಹಾಕಿ, ಫೋನಿನ ಸೌಂಡ್ ಮೀಟರ್ ಮೇಲೆ ಪ್ಯಾಡ್ ಒತ್ತಿ ಎರಡರ ವಾಲ್ಯೂಮೂ ಸಮ ಮಾಡಿದೆ. ಕಣ್ಣು ಮುಚ್ಚಿ ಕೂತೆ. ಹೆಂಡತಿ ಪಿನ್ ಬದಲಿಸುತ್ತಾ ಹೋದಳು. ಎಂಟನೇ ಸಲಕ್ಕೆ "ಏನ್ರಿ, ಇನ್ನಾ ಎಷ್ಟು ಸಲ ಬದಲಿಸಬೇಕ್ರಿ? ಒಲಿ ಮ್ಯಾಲೆ ಸಾರೈತಿ" ಅಂದಳು. ಹತ್ತರಲ್ಲಿ ಆರು ಸರಿ ಹೇಳಿದ್ದೆ. ನಾಣ್ಯ ಚಿಮ್ಮಿದ್ದರೂ ಹೆಚ್ಚೂಕಡಿಮೆ ಅಷ್ಟೇ ಬರುತ್ತಿತ್ತು, ಅಲ್ವಾ?

ನಿಜವಾದ ವ್ಯತ್ಯಾಸ ಮಾಡಿದ್ದು ಆಂಪೇ ಅಲ್ಲ. ಚಾರ್ಜರ್ ಸಿಕ್ಕಿಸಿದ ಕೂಡಲೇ ಹೆಡ್‌ಫೋನಿನಲ್ಲಿ ಸಣ್ಣಗೆ 'ಜುಯ್ಯ್' ಅನ್ನುವ ಸದ್ದು ನನಗೆ ವರ್ಷಗಳಿಂದ ಇತ್ತು. ಲ್ಯಾಪ್‌ಟಾಪಿನ ತಗಡಿಗೆ ಮೊಣಕೈ ತಾಗಿದರೆ ಜುಮ್ ಅನ್ನುತ್ತಿತ್ತು. ಇ10ಕೆ ತಗೊಂಡಿದ್ದೇ ಆ ಸದ್ದು ಹೋಗಲಿ ಅಂತ. ಹೋಗಲಿಲ್ಲ. ಯುಎಸ್‌ಬಿ ವೈರಿನಲ್ಲಿ ಕರೆಂಟಿನ ಹಿಂದೆ ಗಲೀಜೂ ಬರುತ್ತದೆ. ಕೊನೆಗೆ ಎಲೆಕ್ಟ್ರಿಷಿಯನ್ ಬಂದು ಸ್ವಿಚ್ ಬೋರ್ಡ್ ಬಿಚ್ಚಿದ. ಹಸಿರು ವೈರನ್ನು ಮನೆ ಕಟ್ಟುವಾಗ ಯಾರೋ ಕತ್ತರಿಸಿ ಒಳಗೆ ಮಡಚಿಟ್ಟಿದ್ದರು. ಮೂರನೇ ತೂತು ಬರೀ ಶೋಕಿಗೆ! "ಸರ್, ನಿಮ್ ಬೋರ್ಡಿಗೆ ಅರ್ಥಿಂಗೇ ಇಲ್ರಿ" ಅಂದ. ಜೋಡಿಸಿದ. ಜುಮ್ಮೂ ಹೋಯಿತು, ಜುಯ್ಯೂ ಹೋಯಿತು. ಇಷ್ಟೂ ಪ್ರಯೋಗದಲ್ಲಿ ಅತಿ ಅಗ್ಗದ ಕೆಲಸ ಅದೇ. ನಿಮ್ಮಲ್ಲೂ ಚಾರ್ಜರ್ ಕಿತ್ತಾಗ ಸದ್ದು ನಿಂತರೆ ಆಂಪ್ ಹುಡುಕುವ ಮೊದಲು ಬೋರ್ಡ್ ತೋರಿಸಿ.

ಕೆ5 ಪ್ರೊ ವಾಪಸ್ ಕಳಿಸಿದೆ. ಎಚ್‌ಡಿ 600ಕ್ಕೆ ಮಾತ್ರ ದುಡ್ಡು ಕೂಡಿಸುತ್ತಿದ್ದೇನೆ, ಅಲ್ಲಿವರೆಗೆ ಅಳಿಯನದು ನನ್ನ ಹತ್ತಿರವೇ ಇದೆ. ಇ10ಕೆ ಸಾಕು ಅಂತ ತೀರ್ಮಾನ ಆದದ್ದು ಕಿವಿಯಿಂದಲ್ಲ, ಒಂದು ರಾತ್ರಿಯಿಂದ.

1720 ಮೆಗಾವ್ಯಾಟಿನ ಶಕ್ತಿನಗರದ ಸ್ಥಾವರ ಪಕ್ಕದಲ್ಲೇ ಇದ್ದರೂ ನಮ್ಮಲ್ಲಿ ಕರೆಂಟ್ ಹೋಗುವುದೇನೂ ತಪ್ಪಿಲ್ಲ. ಅವತ್ತು ಹನ್ನೊಂದಕ್ಕೆ ಹೋಯಿತು. ಫ್ಯಾನ್ ನಿಂತಿತು, ಪಕ್ಕದ ಮನೆಯ ಕೂಲರೂ ನಿಂತಿತು. ಕೆ5 ಪ್ರೊ ಕಣ್ಣು ಮುಚ್ಚಿತು. ಪಿನ್ ಕಿತ್ತು ಇ10ಕೆಗೆ ಹಾಕಿದೆ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತಿತ್ತು. ಊರಿಗೆ ಊರೇ ಸುಮ್ಮನಿತ್ತು. ಬೆನ್ನ ಮೇಲೆ ಬೆವರು ಇಳಿಯುತ್ತಿದ್ದರೂ ಏಳಲು ಮನಸ್ಸಾಗಲಿಲ್ಲ. ಜಂಬಲದಿನ್ನಿಯವರು ಇನ್ನೇನು ಮೇಲಿನ ಷಡ್ಜ ಮುಟ್ಟಬೇಕು, ಕರೆಂಟ್ ಬಂತು. ಮನೆಯವರೆಲ್ಲ "ಅಬ್ಬಾ" ಅಂದರು. ನಾನು ಎದ್ದು ಫ್ಯಾನನ್ನು ಎರಡಕ್ಕೆ ಇಳಿಸಿದೆ. ಹೆಂಡತಿ ಬಂದು ಮತ್ತೆ ಐದಕ್ಕೆ ಇಟ್ಟು ಹೋದಳು.