ಮಹಾಸಭೆ, ವಾಟ್ಸಾಪ್ ಗುಂಪು, ಓಣಿ ಸಭೆ: ಸದಸ್ಯರಿಗೆ ಲೆಕ್ಕ ಒಪ್ಪಿಸುವ ಮೂರು ದಾರಿಗಳ ಹೋಲಿಕೆ

ಗುಳೇದಗುಡ್ಡದ ಒಂದು ಪತ್ತಿನ ಸಹಕಾರಿ ಸಂಘದ ಆಡಳಿತ ಮಂಡಳಿಯಲ್ಲಿ ನಾನು ನಿರ್ದೇಶಕನಾಗಿ ಈಗ ಎರಡನೆಯ ಅವಧಿ ನಡೆದಿದೆ. ನಮ್ಮ ಸದಸ್ಯರಲ್ಲಿ ಹೆಚ್ಚಿನವರು ಖಣ (ಕುಪ್ಪಸದ ಬಟ್ಟೆ) ನೇಯುವ ಮನೆಗಳವರು, ಉಳಿದವರು ಸಣ್ಣ ಅಂಗಡಿಕಾರರು. ಅಂತರರಾಷ್ಟ್ರೀಯ ಸಹಕಾರ ಒಕ್ಕೂಟವು 1995ರಲ್ಲಿ ಅಂಗೀಕರಿಸಿದ ಏಳು ಸಹಕಾರ ತತ್ವಗಳ ಫಲಕ ನಮ್ಮ ಕಚೇರಿಯ ಗೋಡೆಯ ಮೇಲಿದೆ. ಅವುಗಳಲ್ಲಿ ಎರಡನೆಯದು ಸದಸ್ಯರ ಪ್ರಜಾಸತ್ತಾತ್ಮಕ ನಿಯಂತ್ರಣ, ಐದನೆಯದು ಶಿಕ್ಷಣ, ತರಬೇತಿ ಮತ್ತು ಮಾಹಿತಿ. ಲೆಕ್ಕ ತಿಳಿಯದ ಸದಸ್ಯ ಸಂಘವನ್ನು ನಿಯಂತ್ರಿಸುವುದಾದರೂ ಹೇಗೆ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಡಿದ್ದರಿಂದ, ಲೆಕ್ಕವನ್ನು ಸದಸ್ಯರ ಮುಂದಿಡುವ ಮೂರು ರೀತಿಗಳನ್ನು ನಾವು ಬೇರೆ ಬೇರೆ ವರ್ಷ ನಡೆಸಿ ನೋಡಿದೆವು.

ಮೊದಲನೆಯದು ಎಲ್ಲರೂ ಬಲ್ಲ ವಾರ್ಷಿಕ ಮಹಾಸಭೆ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಲ್ಲಿ ಸಂಘದ ಅಂತಿಮ ಅಧಿಕಾರವಿರುವುದು ಸರ್ವ ಸದಸ್ಯರ ಸಭೆಗೇ ಆದ್ದರಿಂದ ಇದನ್ನು ಬಿಡುವಂತಿಲ್ಲ. ಆದರೆ ಲೆಕ್ಕ ತಿಳಿಸುವ ಸಾಧನವಾಗಿ ಇದು ನಮ್ಮಲ್ಲಿ ಸೋತಿದೆ. ಕಲ್ಯಾಣ ಮಂಟಪದ ಬಾಗಿಲಲ್ಲಿ ಹಾಜರಿ ಪುಸ್ತಕ ಇರುತ್ತದೆ. ಸಭೆಗಳಿಗೆ ಗೈರಾದರೆ ಮತದಾನದ ಹಕ್ಕು ಹೋಗುವುದೆಂಬ ಅಂಜಿಕೆಯಿಂದ ಜನ ಬಂದು ಸಹಿ ಮಾಡುತ್ತಿದ್ದರು, ವಾರ್ಷಿಕ ವರದಿಯ ಪುಸ್ತಕ ಮತ್ತು ಉಡುಗೊರೆಯ ಸ್ಟೀಲ್ ಡಬ್ಬಿ ಪಡೆಯುತ್ತಿದ್ದರು, ಊಟದ ಹೊತ್ತಿಗೆ ಕಾಯುತ್ತಿದ್ದರು. ಅಢಾವೆ ಪತ್ರಿಕೆಯನ್ನು (ಸಂಘದ ಆಸ್ತಿ-ಹೊಣೆಗಳ ಪಟ್ಟಿಯನ್ನು) ಕಾರ್ಯದರ್ಶಿಗಳು ಒಂದೇ ಉಸಿರಿನಲ್ಲಿ ಓದಿ ಮುಗಿಸಿದೊಡನೆ ಮುಂದಿನ ಸಾಲಿನ ನಾಲ್ಕು ಜನ ‘ಮಂಜೂರ್, ಮಂಜೂರ್’ ಎನ್ನುತ್ತಿದ್ದರು, ಠರಾವು ಪಾಸಾಗುತ್ತಿತ್ತು. ಪ್ರಶ್ನೆ ಕೇಳಬೇಕೆಂದು ಬಂದವನಿಗೂ ಅಷ್ಟು ಜನರ ನಡುವೆ ಎದ್ದು ಮೈಕಿನ ಮುಂದೆ ನಿಲ್ಲುವ ಧೈರ್ಯ ಬರುತ್ತಿರಲಿಲ್ಲ. ಹೆಣ್ಣುಮಕ್ಕಳಂತೂ ಮಾತನಾಡಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ.

ಎರಡನೆಯದಾಗಿ ವಾಟ್ಸಾಪ್ ಗುಂಪು ಮಾಡಿದೆವು. ಖರ್ಚಿಲ್ಲ, ಸಭೆಯ ನೋಟಿಸು, ಠೇವಣಿಯ ಬಡ್ಡಿ ದರ, ರಜೆಯ ದಿನ, ಇವನ್ನು ತಿಳಿಸಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಲೆಕ್ಕದ ವಿಷಯಕ್ಕೆ ಬಂದರೆ ಇದು ಕೆಲಸಕ್ಕೆ ಬರಲಿಲ್ಲ. ಜಮಾ-ಖರ್ಚಿನ ಪುಟದ ಫೋಟೋ ಹಾಕಿದ ಐದೇ ನಿಮಿಷಕ್ಕೆ ಅದು ಹಬ್ಬದ ಶುಭಾಶಯಗಳ ಕೆಳಗೆ ಹೂತುಹೋಯಿತು. ಮಗ್ಗದ ಮನೆಗಳ ಹಿರಿಯರ ಕೈಯಲ್ಲಿ ಸಾದಾ ಮೊಬೈಲ್ ಇರುವುದರಿಂದ, ಸಂಘ ಕಟ್ಟಿದ ತಲೆಮಾರೇ ಗುಂಪಿನ ಹೊರಗುಳಿಯಿತು.

ಮೂರನೆಯದು ಓಣಿ ಸಭೆ. ಲೆಕ್ಕಪರಿಶೋಧನೆ ಮುಗಿದ ಮೇಲೆ, ಮಹಾಸಭೆಗೆ ಮುಂಚೆ, ಇಬ್ಬರು ನಿರ್ದೇಶಕರು ಮತ್ತು ಕಾರ್ಯದರ್ಶಿಗಳು ಒಂದೊಂದು ಓಣಿಗೆ ಹೋಗಿ, ಯಾರದಾದರೂ ಮನೆಯ ಕಟ್ಟೆಯ ಮೇಲೆ ಜಮಖಾನೆ ಹಾಸಿ, ಇಪ್ಪತ್ತು ಮೂವತ್ತು ಜನರ ನಡುವೆ ಕುಳಿತು ವರದಿಯನ್ನು ಸಾಲುಸಾಲಾಗಿ ಓದಿ ಹೇಳುವ ಪದ್ಧತಿ ಇದು. ಮೊದಲ ವರ್ಷದ ಒಂದು ಸಂಜೆಯನ್ನು ಇಲ್ಲಿ ಹೇಳಲೇಬೇಕು. ಮಗ್ಗ ನಿಲ್ಲಿಸಿ ಬಂದಿದ್ದ ಒಬ್ಬ ತಾಯಿ ಪ್ಲಾಸ್ಟಿಕ್ ಚೀಲದಿಂದ ತಮ್ಮ ಪಾಸ್‌ಬುಕ್ ತೆಗೆದು, ‘ನಾವು ಕಟ್ಟಿದ ಬಡ್ಡಿ ರೊಕ್ಕ ಇದರಾಗ ಯಾವ ಸಾಲಿನಾಗ ಐತ್ರಿ?’ ಎಂದರು. ಕಾರ್ಯದರ್ಶಿಗಳು ‘ಸಾಲಗಳ ಮೇಲಿನ ಬಡ್ಡಿ’ ಎಂಬ ಸಾಲಿನ ಮೇಲೆ ಬೆರಳಿಟ್ಟು, ಎಲ್ಲರ ಬಡ್ಡಿಯೂ ಅಲ್ಲಿ ಕೂಡಿದೆ ಎಂದು ತೋರಿಸಿದರು. ಆಕೆ ಆ ಪುಟವನ್ನು ಸ್ವಲ್ಪ ಹೊತ್ತು ನೋಡಿ, ಎದುರಿನ ಖರ್ಚಿನ ಭಾಗದಲ್ಲಿದ್ದ ‘ಸಂಶಯಾಸ್ಪದ ಸಾಲಗಳಿಗೆ ಅವಕಾಶ’ ಎಂಬುದರ ಅರ್ಥ ಕೇಳಿದರು. ವಾಪಸು ಬಾರದಿರಬಹುದಾದ ಸಾಲಗಳಿಗಾಗಿ ಆದಾಯದಿಂದ ತೆಗೆದಿಡುವ ಹಣ ಅದು ಎಂದು ವಿವರಿಸಿದ ಮೇಲೆ, ‘ಹಂಗಾರ ತೀರಿಸದವರ ಸಾಲಾನೂ ನಮ್ಮ ಬಡ್ಡಿಯಾಗಿಂದನ ತುಂಬ್ತೀರೇನ್ರಿ?’ ಎಂದರು. ಹೌದು ಎನ್ನದೆ ಗತಿಯಿರಲಿಲ್ಲ. ನಾನು ಕಂಡ ಯಾವ ಮಹಾಸಭೆಯಲ್ಲಿಯೂ ಯಾರೂ ಕೇಳಿರದ ಈ ಪ್ರಶ್ನೆಯಿಂದಲೇ, ದೊಡ್ಡ ಮೊತ್ತದ ಸುಸ್ತಿ (ಗಡುವು ಮೀರಿದ) ಸಾಲಗಳ ವಸೂಲಿಯ ಪ್ರಗತಿಯನ್ನು ಮೂರು ತಿಂಗಳಿಗೊಮ್ಮೆ ಸದಸ್ಯರಿಗೆ ತಿಳಿಸಬೇಕೆಂಬ ಠರಾವು ಆ ವರ್ಷದ ಮಹಾಸಭೆಯಲ್ಲಿ ಹುಟ್ಟಿತು.

ಈ ಪದ್ಧತಿಯಲ್ಲಿ ಹೊಸತೇನೂ ಇಲ್ಲವೆಂದು ನನಗೆ ಅನಿಸುತ್ತದೆ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆಯಡಿ ಮರುವರ್ಷ ನಮ್ಮ ನೆರೆಯ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದ ಕಾಲದಲ್ಲಿ, ಗ್ರಾಮೀಣ ಪತ್ತಿನ ಸಂಘಗಳ ಸದಸ್ಯರ ಹೊಣೆಗಾರಿಕೆಗೆ ಸಾಮಾನ್ಯವಾಗಿ ಮಿತಿ ಇರಲಿಲ್ಲ. ಒಬ್ಬನು ತೀರಿಸದಿದ್ದರೆ ಎಲ್ಲರೂ ತುಂಬಬೇಕಾಗಿತ್ತು. ಆದ್ದರಿಂದ ಯಾರಿಗೆ ಎಷ್ಟು ಸಾಲ, ಯಾವ ಕಾರಣಕ್ಕೆ ಎಂಬುದನ್ನು ಊರವರು ಕುಳಿತು ವಿಚಾರಿಸುವುದು ಅನಿವಾರ್ಯವಾಗಿತ್ತು. ಇಂದು ಹೊಣೆ ಶೇರಿನ ಮೊತ್ತಕ್ಕೆ ಸೀಮಿತವಾಗಿರುವುದು ಸದಸ್ಯರಿಗೆ ದೊಡ್ಡ ರಕ್ಷಣೆ, ಅದು ಹಾಗೆಯೇ ಇರಬೇಕು. ಆದರೆ ಅದರೊಂದಿಗೆ ವಿಚಾರಿಸುವ ರೂಢಿಯೂ ಹೋಗಿಬಿಟ್ಟಿತು.

ಓಣಿ ಸಭೆಯ ತೊಂದರೆಗಳನ್ನೂ ಮುಚ್ಚಿಡಲಾರೆ. ಒಂದು ಓಣಿಯಲ್ಲಿ ಸುಸ್ತಿದಾರರೊಬ್ಬರ ಹೆಸರನ್ನು ನೆರೆಯವರು ಎಲ್ಲರೆದುರು ಎತ್ತಿದರು. ಮಗನ ಆಸ್ಪತ್ರೆಯ ಖರ್ಚಿನಿಂದ ಕಂತು ತಪ್ಪಿದ್ದ ಆ ಮನುಷ್ಯ ತಲೆ ತಗ್ಗಿಸಿ ಎದ್ದುಹೋದದ್ದನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ. ಅಂದಿನಿಂದ ಮೊತ್ತಗಳನ್ನು ಮಾತ್ರ ಹೇಳುತ್ತೇವೆ, ಹೆಸರುಗಳನ್ನು ಹೇಳುವುದಿಲ್ಲ, ಹೇಳಲು ಬಿಡುವುದೂ ಇಲ್ಲ. ಇನ್ನೊಂದು, ಇದಕ್ಕೆ ಸಮಯ ಬಹಳ ಬೇಕು. ಶ್ರಾವಣದಲ್ಲಿ ಸಂಜೆಗಳೆಲ್ಲ ಮಠದ ಪುರಾಣ ಪ್ರವಚನಕ್ಕೆ ಮೀಸಲಾಗುವುದರಿಂದ ಆಷಾಢದೊಳಗೇ ಎಲ್ಲ ಓಣಿ ಮುಗಿಯಬೇಕು. ಲೆಕ್ಕಪರಿಶೋಧನೆ ತಡವಾದ ವರ್ಷ ಎರಡು ಓಣಿಗಳಿಗೆ ಹೋಗಲು ಆಗಲೇ ಇಲ್ಲ. ಓಣಿಯಲ್ಲಿ ಠರಾವು ಮಾಡುವ ಅಧಿಕಾರವೂ ಇಲ್ಲ.

ಹೀಗಾಗಿ ನನ್ನ ಆಯ್ಕೆ ಓಣಿ ಸಭೆಯಾದರೂ ಅದನ್ನು ಮಹಾಸಭೆಯ ಬದಲಿಗೆ ಇಡಲು ಬರುವುದಿಲ್ಲ, ಅದರ ಮುಂಚೆ ಇಡಬೇಕು. ಸಾವಿರಾರು ಸದಸ್ಯರು ಹಲವು ತಾಲ್ಲೂಕುಗಳಲ್ಲಿ ಹರಡಿರುವ ಸಂಘಕ್ಕೆ ಇದು ನಡೆಯಲಾರದು. ಅಂಥಲ್ಲಿ ಶಾಖೆಗೊಂದು ಸಭೆಯನ್ನಾದರೂ ಮಾಡಬಹುದು. ನಮ್ಮಂಥ ಒಂದೇ ಊರಿನ ಸಂಘಗಳು ಇದನ್ನು ಖಂಡಿತ ಮಾಡಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ನಾವು ಈಗ ಸ್ಟೀಲ್ ಡಬ್ಬಿ ಕೊಡುವುದನ್ನು ನಿಲ್ಲಿಸಿದ್ದೇವೆ. ಓಣಿಗಳಲ್ಲಿ ಕೇಳಿದ ಪ್ರಶ್ನೆಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇವೆ. ಮಹಾಸಭೆಯಲ್ಲಿ ಅಢಾವೆ ಪತ್ರಿಕೆಗಿಂತ ಮೊದಲು ಆ ನೋಟ್‌ಬುಕ್ಕನ್ನೇ ಓದಿ, ಉತ್ತರ ಕೊಟ್ಟ ಮೇಲೆ ಮಂಜೂರಾತಿ ಕೇಳುತ್ತೇವೆ.