ಕತ್ತಿನ ಮೇಲಿನ ಗಂಟು ಸುಡಿಸೋಕೆ ಹೊರಟೋರು ಇದನ್ನ ಓದ್ಕೊಂಡು ಹೋಗಿ

ಶಿವಮೊಗ್ಗದಲ್ಲಿರೋರು, ಅದರಲ್ಲೂ ಮದುವೆ ಸೀಸನ್ ಬಂತು ಅಂತ ಕತ್ತು-ಮುಖ ಕ್ಲೀನ್ ಮಾಡಿಸ್ಕೊಳ್ಳೋಕೆ ಹೊರಟಿರೋರು ದಯವಿಟ್ಟು ಓದಿ. ಕ್ಲಿನಿಕ್ ಹೆಸರು ಹಾಕಲ್ಲ. ದೂರು ಕೊಟ್ಟಿದ್ದೀನಿ, ಅದು ಇತ್ಯರ್ಥ ಆಗೋವರೆಗೂ ಬೇಡ ಅಂದಿದ್ದಾರೆ ನಮ್ಮನೆಯವರು. ಹೇಳ್ಕೊಳ್ಳೋಕೆ ನಾಚಿಕೆ ಆಗ್ತಿದೆ, ಆದ್ರೂ ಬರೀತಿದ್ದೀನಿ. ಯಾಕಂದ್ರೆ ಅವರ ಸೋಫಾ ಮೇಲೆ ನನ್ನ ಥರಾನೇ ಇನ್ನೂ ಜನ ಕೂತಿದ್ರು.

ನನ್ನ ಕತ್ತಿನ ಸುತ್ತ ಮಾಂಸದ ಸಣ್ಣ ಸಣ್ಣ ಗಂಟು. ಕೆಲವು ಎಳ್ಳಿನಷ್ಟು, ಒಂದೆರಡು ಮೆಣಸಿನಕಾಳಷ್ಟು ದಪ್ಪ, ಜೋತಾಡ್ತಿದ್ವು. ನೋವಿಲ್ಲ, ನವೆ ಇಲ್ಲ. ತಾಳಿ ಸರ ಸಿಕ್ಕಿಕೊಂಡಾಗ ಮಾತ್ರ ಚುರ್ ಅಂತಿತ್ತು. ಅತ್ತೆ ಕುದುರೆ ಬಾಲದ ಕೂದಲು ಕಟ್ಟಿದ್ರೆ ಉದುರುತ್ತೆ ಅಂದ್ರು. ಪಕ್ಕದ ಮನೆಯವರು ಸುಣ್ಣಕ್ಕೆ ಸೋಡಾ ಕಲಸಿ ಹಚ್ಚು ಅಂದ್ರು. ಅದು ಚರ್ಮಾನೂ ಸೇರಿಸಿ ಸುಡುತ್ತೆ ಅಂತ ಗೊತ್ತಿತ್ತು. ಅದಕ್ಕೇ ನಾಲ್ಕು ಕಾಸು ಹೋದ್ರೂ ಪರವಾಗಿಲ್ಲ ಅಂತ 'ಸ್ಕಿನ್ ಕ್ಲಿನಿಕ್' ಅಂತ ಬೋರ್ಡ್ ಇರೋ ಕಡೆ ಹೋಗಿದ್ದು. ಏಸಿ, ಬಿಳಿ ಕೋಟು, ಗೋಡೆ ತುಂಬ ಫ್ರೇಮ್ ಹಾಕಿದ ಸರ್ಟಿಫಿಕೇಟು. ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ರು, ಒಂದಕ್ಕೆ 250 ರೂಪಾಯಿ ಮಾತ್ರ ಅಂತ.

ಒಂದಕ್ಕೆ 250. ಮೋಸ ಇರೋದೆಲ್ಲ ಇಲ್ಲೇ.

ಬಿಳಿ ಕೋಟಿನ ಮೇಡಂ ಒಂದು ಪೆನ್ ತಗೊಂಡು ಒಂದೊಂದರ ಪಕ್ಕನೂ ಚುಕ್ಕೆ ಇಡ್ತಾ ಎಣಿಸೋಕೆ ಶುರು ಮಾಡಿದ್ರು. ಕತ್ತು ಮುಗೀತು, ಕೆನ್ನೆಗೆ ಬಂದ್ರು. ಕೆನ್ನೆ ಮೇಲಿನ ಕಪ್ಪು ಚುಕ್ಕೆಗಳೂ ಲೆಕ್ಕಕ್ಕೆ. "ಮೇಡಂ, ಅದು ನಮ್ಮಮ್ಮಂಗೂ ಇದೆ" ಅಂದೆ.

"ನೋಡಿದ್ರಾ, ಅವರಿಂದಾನೇ ಅಂಟಿರೋದು. ಇದು ವೈರಸ್ ಮೇಡಂ. ಬಿಟ್ರೆ ಮುಖದ ತುಂಬ ಹರಡುತ್ತೆ. ಮನೇಲಿ ಚಿಕ್ಕ ಮಕ್ಕಳಿದ್ದಾರಾ?"

ಮಕ್ಕಳ ಹೆಸರೆತ್ತಿದ ಮೇಲೆ ಯಾವ ತಾಯಿ ಎದ್ದು ಬರ್ತಾಳೆ ಹೇಳಿ. ಒಟ್ಟು 38 ಆಯ್ತು. 9,500. ಗದ್ದದ ಕೆಳಗೆ ಒಂದು ಮಚ್ಚೆ ಇತ್ತು, "ಇದು ಮುಂದೆ ಕ್ಯಾನ್ಸರ್ ಆಗ್ಬಹುದು, ಇವತ್ತೇ ತೆಗೆದುಬಿಡೋಣ" ಅಂತ ಅದಕ್ಕೆ 1,500. ಕತ್ತಿನ ಹಿಂದೆ ಚರ್ಮ ಕಪ್ಪಗಾಗಿ ದಪ್ಪ ಆಗಿದೆಯಲ್ಲ, ಅದಕ್ಕೊಂದು ಕ್ರೀಮು, 850. ಸಕ್ಕರೆ ಕಾಯಿಲೆ ಇದೆಯಾ, ಮನೇಲಿ ಯಾರಿಗಾದ್ರೂ ಇದೆಯಾ, ಒಂದು ಮಾತು ಕೇಳಲಿಲ್ಲ.

ಮರಗಟ್ಟಿಸೋ ಕ್ರೀಮು ಹಚ್ಚಿದ್ರೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬಿಡಬೇಕಂತೆ. ಇವರು ಹಚ್ಚಿದ್ರು, ಒರೆಸಿದ್ರು, ಶುರು ಮಾಡಿದ್ರು. ಗಂಟು ಸುಡೋ ಸೂಜಿ ತುದಿ ತಾಗಿದಾಗೆಲ್ಲ ಚಟ್ ಅನ್ನೋ ಸದ್ದು, ಕೂದಲು ಸುಟ್ಟ ವಾಸನೆ. "ಉರೀತಿದೆ ಮೇಡಂ" ಅಂದ್ರೆ "ಬ್ಯೂಟಿ ಬೇಕಂದ್ರೆ ಸ್ವಲ್ಪ ತಡ್ಕೋಬೇಕು" ಅಂತ ನಗ್ತಾರೆ.

ಹೊಪ್ಪಳೆ ಉದುರಿದ ಮೇಲೆ ನೋಡಿದ್ರೆ ಒಂದೊಂದು ಜಾಗದಲ್ಲೂ ಕಪ್ಪು ಕಲೆ. ಕೆನ್ನೆ ಮೇಲೆ ಎರಡು ಕಡೆ ಗುಳಿ. ಮೊದಲು ಹತ್ತಿರ ಬಂದು ನೋಡಿದ್ರೆ ಕಾಣ್ತಿತ್ತು, ಈಗ ಫೋಟೋದಲ್ಲೂ ಕಾಣುತ್ತೆ. ವಾಟ್ಸಾಪ್ ಮಾಡಿದೆ. ಮೊದಲ ಉತ್ತರ: "ಬಿಸಿಲಿಗೆ ಹೋಗಿದ್ರಾ?" ಇಲ್ಲ ಅಂದೆ. "ನಿಮ್ದು ಸೆನ್ಸಿಟಿವ್ ಸ್ಕಿನ್ ಮೇಡಂ." ಆಮೇಲೆ: "ಕಲೆಗೆ ಪೀಲಿಂಗ್ ಪ್ಯಾಕೇಜ್ ಇದೆ, ನಿಮಗೆ ಅಂತ ಡಿಸ್ಕೌಂಟ್ ಮಾಡ್ತೀವಿ." ಕಲೆ ಮಾಡಿದೋರೂ ಇವರೇ, ಅದನ್ನ ತೆಗೆಯೋಕೆ ದುಡ್ಡು ಕೇಳೋರೂ ಇವರೇ!

ಕೊನೆಗೆ ಇಲ್ಲಿನ ಸರ್ಕಾರಿ ಮೆಗ್ಗಾನ್ ಆಸ್ಪತ್ರೆ ಚರ್ಮರೋಗ ವಿಭಾಗಕ್ಕೆ ಹೋಗಿ ಕ್ಯೂನಲ್ಲಿ ನಿಂತೆ. ಅಲ್ಲಿನ ಡಾಕ್ಟ್ರು ಹೇಳಿದ್ದು ಇಷ್ಟು. ಕತ್ತಲ್ಲಿ ಇದ್ದಿದ್ದು ಸ್ಕಿನ್ ಟ್ಯಾಗ್. ಚರ್ಮ ಉಜ್ಜೋ ಕಡೆ, ಕತ್ತು, ಕಂಕುಳು, ತೊಡೆ ಸಂದಿಯಲ್ಲಿ ಬರುತ್ತೆ, ತೂಕ ಜಾಸ್ತಿ ಇರೋರಿಗೆ, ಬಸುರಿಯರಿಗೆ ಇನ್ನೂ ಜಾಸ್ತಿ. ಅಂಟಲ್ಲ, ಕ್ಯಾನ್ಸರ್ ಆಗಲ್ಲ. ಕೆನ್ನೆ ಮೇಲಿನ ಚುಕ್ಕೆಗಳು ನಮ್ಮಂಥ ಕಂದು ಚರ್ಮದವರ ಮನೆತನದಲ್ಲೇ ಬರೋವು. ವೈರಸ್‌ನಿಂದ ಬರೋ ನರಹುಲಿ ಬೇರೆ, ಅದು ಒರಟು ಒರಟಾಗಿ ಕೈಕಾಲಲ್ಲಿ ಆಗುತ್ತೆ. ನನಗೆ ಅದು ಒಂದೂ ಇರಲಿಲ್ಲ. 38ರಲ್ಲಿ ಒಂದೂ ಇರಲಿಲ್ಲ!

ಆಮೇಲೆ ಕೇಳಿದ್ರು, "ಗದ್ದದ ಮಚ್ಚೆ ತೆಗೆದ್ರಲ್ಲ, ಬಯಾಪ್ಸಿ ರಿಪೋರ್ಟ್ ಎಲ್ಲಿ?" ನಾನು ಸುಮ್ಮನೆ ಕೂತಿದ್ದೆ. ಅಲ್ಲಿಂದಾನೇ ಕ್ಲಿನಿಕ್‌ಗೆ ಫೋನ್ ಮಾಡಿದೆ. "ಸುಟ್ಟಿದ್ದನ್ನ ಎಲ್ಲಿಂದ ತರೋದು ಮೇಡಂ?" ಅಂದ್ರು. ಕ್ಯಾನ್ಸರ್ ಅಂತ ಹೆದರಿಸಿದ್ದು ನೀವೇ ಅಲ್ವಾ, ಹಾಗಿದ್ರೆ ಲ್ಯಾಬ್‌ಗೆ ಕಳಿಸದೆ ಸುಟ್ಟಿದ್ದು ಯಾಕೆ ಅಂದೆ. "ನಾವು ಡಾಕ್ಟರ್ ಅಂತ ಎಲ್ಲೂ ಹೇಳಿಲ್ಲ ಮೇಡಂ, ನಾವು ಕಾಸ್ಮೆಟಾಲಜಿಸ್ಟ್." ಹೊಟ್ಟೆ ಉರಿದುಹೋಯ್ತು. ಅವತ್ತೇ ಹೋಗಿ ಗೋಡೆ ಮೇಲಿನ ಸರ್ಟಿಫಿಕೇಟ್ ಒಂದೊಂದೇ ಓದಿದೆ. ಲೇಸರ್ ವರ್ಕ್‌ಶಾಪು, ಫೇಶಿಯಲ್ ಕೋರ್ಸು, ಮೇಕಪ್ಪು. ಎಂಬಿಬಿಎಸ್ ಕೂಡ ಇಲ್ಲ. ರಿಸೆಪ್ಷನ್ ಹುಡುಗಿ "ಮೇಡಂ, ಕೂತ್ಕೊಳ್ಳಿ, ಟೀ ತರಿಸ್ಲಾ" ಅಂತಿದ್ಳು.

ಆ 850ರ ಕ್ರೀಮಿನ ಕಥೆ ಇನ್ನೂ ಇದೆ. ಕತ್ತು ಹಾಗೆ ಕಪ್ಪಾಗಿ ದಪ್ಪ ಆಗೋದು, ಜೊತೆಗೆ ಟ್ಯಾಗ್ ಬರೋದು, ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡ್ತಿಲ್ಲ ಅನ್ನೋದರ ಗುರುತಾಗಿರಬಹುದಂತೆ. ಮೆಗ್ಗಾನ್‌ನಲ್ಲಿ ರಕ್ತ ಪರೀಕ್ಷೆ ಬರೆದುಕೊಟ್ರು. ಎಚ್‌ಬಿಎ1ಸಿ, ಅಂದ್ರೆ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸೋ ಪರೀಕ್ಷೆ, 6.2 ಬಂತು. 5.7ರಿಂದ 6.4 ಅಂದ್ರೆ ಸಕ್ಕರೆ ಕಾಯಿಲೆ ಹೊಸ್ತಿಲು. ಇವರು ಅದರ ಮೇಲೆ ಕ್ರೀಮು ಬಳಿದು ಕಳಿಸಿದ್ರು.

ಹೋಗೋದಾದ್ರೆ ಎಂಡಿ ಅಥವಾ ಡಿಎನ್‌ಬಿ ಚರ್ಮರೋಗ, ಇಲ್ಲಾಂದ್ರೆ ಡಿಡಿವಿಎಲ್ (ಚರ್ಮರೋಗದ ಡಿಪ್ಲೊಮಾ) ಮಾಡಿರೋರ ಹತ್ರ ಮಾತ್ರ ಹೋಗಿ, ರಿಜಿಸ್ಟ್ರೇಷನ್ ನಂಬರ್ ಕೇಳಿ, ಮುಖ ಸಿಂಡರಿಸಿದ್ರೆ ಎದ್ದು ಬನ್ನಿ. ಟ್ಯಾಗ್ ತೊಂದರೆ ಕೊಡದಿದ್ರೆ ಬಿಟ್ಟುಬಿಡಿ, ಏನೂ ಆಗಲ್ಲ. ಮಚ್ಚೆ ಮಾತ್ರ ಯಾರ ಕೈಲೂ ಸುಡಿಸಬೇಡಿ. ಆಕಾರ, ಬಣ್ಣ ಬದಲಾಗ್ತಿದ್ರೆ, ಅಂಚು ಕಲಸಿಹೋಗಿದ್ರೆ, 6 ಮಿ.ಮೀ.ಗಿಂತ ದೊಡ್ಡದಿದ್ರೆ, ಅಂಗಾಲಲ್ಲೋ ಉಗುರಿನ ಕೆಳಗೋ ಹೊಸದಾಗಿ ಕಪ್ಪು ಕಂಡ್ರೆ ಡಾಕ್ಟ್ರಿಗೇ ತೋರಿಸಿ. ಟ್ಯಾಗ್, ಮಚ್ಚೆ ಉದುರಿಸುತ್ತೆ ಅಂತ ಆನ್‌ಲೈನ್‌ನಲ್ಲಿ ಸಿಗೋ ಹನಿಗಳನ್ನೂ ಹಾಕ್ಕೋಬೇಡಿ. 2022ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥವನ್ನ ಮಾರೋರಿಗೆ ಎಚ್ಚರಿಕೆ ಪತ್ರ ಕಳಿಸಿತ್ತು, ಅಮೆಜಾನ್‌ಗೂ ಹೋಗಿತ್ತು.

ನಾನು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ದೂರು ಕೊಟ್ಟಿದ್ದೀನಿ. ಖಾಸಗಿ ಕ್ಲಿನಿಕ್ ಅಂದ್ಮೇಲೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಇರಬೇಕು, ಜನಕ್ಕೆ ಕಾಣೋ ಹಾಗೆ ಹಾಕಿರಬೇಕು. ಅಲ್ಲಿ ನನಗೆ ಎಲ್ಲೂ ಕಾಣಲಿಲ್ಲ. ಕೇಳಿದ್ದಕ್ಕೆ "ನಮ್ದು ಪಾರ್ಲರ್ ಲೈಸೆನ್ಸ್" ಅಂದ್ರು. ಬಿಲ್‌ನಲ್ಲಿ ಬರೆದಿರೋದೂ 'ಬ್ಯೂಟಿ ಸರ್ವಿಸ್' ಅಂತ ಒಂದೇ ಸಾಲು. ನಿಮಗೂ ಅಂಥದ್ದೇ ಬಿಲ್ ಕೊಟ್ಟಿದ್ರೆ ಎಸೀಬೇಡಿ. ಅದರ ಫೋಟೋ ಮತ್ತೆ ಅವರ ವಾಟ್ಸಾಪ್ ಉತ್ತರಗಳ ಸ್ಕ್ರೀನ್‌ಶಾಟ್ ನನಗೆ ಕಳಿಸಿ, ದೂರಿನ ಜೊತೆ ಸೇರಿಸ್ತೀನಿ.